ಪದ್ಮಯ್ಯ ತೆಗೆದ ಮೂರು ಫೋಟೋ

ಕಲ್ಲಡ್ಕ ಪೇಟೆಯ ಮಾಳಿಗೆಯೊಂದರಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಪದ್ಮಯ್ಯ ಪುಕ್ಕಲು ಸ್ವಭಾವದವರು. ಅಪಘಾತದ ಹೆಣದ ಫೋಟೋ ತೆಗೆಯಲು ಪೊಲೀಸರು ಕರೆದರೆ, ಜ್ವರವೆಂದು ಸುಳ್ಳು ಹೇಳಿ ಮಲಗಿಬಿಡುತ್ತಿದ್ದರು.

೧೯೯೮ರ ಕೋಮು ಗಲಾಟೆಯ ದಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸೈಕಲ್ಲಿನಲ್ಲಿ ಮೀನು ಮಾರುವ ಮಮ್ಮು ಮನೆಗೆ ಹೊರಟಿದ್ದ. ಸ್ಟುಡಿಯೋದ ಎದುರೇ ನಾಲ್ವರು ಅವನನ್ನು ಅಡ್ಡಹಾಕಿದರು. ಮೊದಲ ಏಟು ಸೈಕಲ್ ಚೈನಿನಿಂದ, ಮುಖಕ್ಕೆ. ಬಿದ್ದವನು ಎದ್ದು ಓಡುವಷ್ಟರಲ್ಲಿ ಕತ್ತಿ ಹೆಗಲಿಗೆ ಇಳಿಯಿತು.

"ನಾನೇನು ಮಾಡಿದ್ದೇನೆ ಮಾರಾಯ್ರೇ, ಬಿಡಿ" ಎಂದು ಕೈಮುಗಿದ. ಮುಗಿದ ಕೈಗೇ ಇನ್ನೊಂದು ಏಟು ಬಿತ್ತು. ಆಮೇಲೆ ಅವನು ಏಳಲಿಲ್ಲ. ಅವರು ನಿಲ್ಲಿಸಲೂ ಇಲ್ಲ.

ಕಿಟಕಿಯ ಸಂದಿಯಿಂದ ನೋಡುತ್ತಿದ್ದ ಪದ್ಮಯ್ಯ ಕ್ಯಾಮರಾ ಎತ್ತಿ ಮೂರು ಸಲ ಒತ್ತಿದರು. ಮೂರನೆಯ ಸಲಕ್ಕೆ ಕತ್ತಿ ಹಿಡಿದವನು ತಲೆಯೆತ್ತಿದ. ಜಾರಪ್ಪ! ಎರಡು ವರ್ಷದ ಹಿಂದೆ ಅವನ ಮದುವೆಯ ಫೋಟೋ ತೆಗೆದದ್ದು ಇವರೇ.

ರೀಲನ್ನು ಬಿಚ್ಚಿ ಮಾಡಿನ ಹಂಚಿನ ಸಂದಿಗೆ ತುರುಕಿ, ಹೊಸತೊಂದನ್ನು ಹಾಕುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ರೀಲು ಕೊಡಿ ಪದ್ಮಯ್ಯಣ್ಣ. ನೀವು ನಮ್ಮವರಲ್ವಾ?"

ಕ್ಯಾಮರಾ ಕೊಟ್ಟರು. ಜಾರಪ್ಪ ಫಿಲ್ಮನ್ನು ಬೆಳಕಿಗೆ ಎಳೆದು ಹಾಳುಮಾಡಿದ. "ಇನ್ನು ಫೋಟೋ ತೆಗೆಯುವುದು ಬೇಡ" ಎಂದು ಅವರ ಬಲಗೈಯನ್ನು ಮೇಜಿಗೆ ಒತ್ತಿಹಿಡಿದು ಕತ್ತಿಯ ಹಿಂಬದಿಯಿಂದ ಜಜ್ಜಿದ. ಎಲುಬು ಮುರಿದ ಸದ್ದು ಕೇಳಿಸಿತು. ಉಳಿದವರು ಇಪ್ಪತ್ತು ವರ್ಷದ ನೆಗೆಟಿವ್‌ಗಳನ್ನು ರಸ್ತೆಗೆ ಎಸೆದು ಬೆಂಕಿ ಕೊಟ್ಟರು. ಊರಿನವರ ಮದುವೆ, ಗೃಹಪ್ರವೇಶ, ಶಾಲೆಯ ಗುಂಪು ಫೋಟೋ, ಎಲ್ಲವೂ ಮಮ್ಮುವಿನ ಹೆಣದ ಪಕ್ಕದಲ್ಲೇ ಉರಿದುಹೋಯಿತು.

ಮರುದಿನ ಪದ್ಮಯ್ಯ ಹಂಚಿನ ಸಂದಿಯ ರೀಲನ್ನು ಪೊಲೀಸರಿಗೆ ಕೊಡಲು ಹೊರಟರು.

"ನಿಮಗೆ ಮರ್ಲಾ, ತಲೆ ಕೆಟ್ಟಿದೆಯಾ? ನಮ್ಮನ್ನು ಬದುಕಲು ಬಿಡ್ತಾರಾ?" ಎಂದು ಹೆಂಡತಿ ಅತ್ತಳು.

"ಅವನು ಕೈಮುಗಿದದ್ದನ್ನು ನಾನು ಕಂಡಿದ್ದೇನೆ" ಎಂದಷ್ಟೇ ಹೇಳಿದರು.

ಕೇಸು ಐದು ವರ್ಷ ನಡೆಯಿತು. ಅಷ್ಟರಲ್ಲಿ ಸ್ಟುಡಿಯೋದ ಗಾಜು ಮೂರು ಸಲ ಒಡೆಯಿತು. ಗಿರಾಕಿಗಳು ಹತ್ತಿರ ಸುಳಿಯಲಿಲ್ಲ. ಕೊನೆಗೆ ಜಾರಪ್ಪನಿಗೂ ಇನ್ನೊಬ್ಬನಿಗೂ ಜೀವಾವಧಿ ಆಯಿತು. ಇಬ್ಬರು ಬಿಡುಗಡೆಯಾದರು.

ತೀರ್ಪಾದ ಮೇಲೆ ಮಮ್ಮುವಿನ ಹೆಂಡತಿ ಬೀಫಾತಿಮಾ ಐದು ವರ್ಷದ ಮಗಳೊಂದಿಗೆ ಬಂದಳು.

"ಅಣ್ಣಾ, ಅವರದ್ದು ಬೇರೆ ಫೋಟೋ ಉಂಟಾ? ಮನೆಯಲ್ಲಿ ಒಂದೂ ಇಲ್ಲ. ಇವಳು ಅಪ್ಪನನ್ನು ನೋಡಿದ್ದು ಪೇಪರಿನಲ್ಲಿ ಬಂದ ನಿಮ್ಮ ಆ ಫೋಟೋದಲ್ಲಿ ಮಾತ್ರ."

ಪದ್ಮಯ್ಯನವರ ನೆಗೆಟಿವ್ ಎಲ್ಲ ಬೂದಿಯಾಗಿತ್ತು. ತಾವು ಹಿಂದೆ ತೆಗೆದುಕೊಟ್ಟಿದ್ದ ಆಲ್ಬಮ್‌ಗಳನ್ನು ಹುಡುಕಿಕೊಂಡು ಮನೆಮನೆ ಅಲೆದರು. ಕೆಲವರು ಒಳಗೆ ಕರೆಯಲಿಲ್ಲ. ಒಬ್ಬ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ದೂಡಿದ. ತಿಂಗಳಾದ ಮೇಲೆ ಪೂವಮ್ಮ ಎಂಬವರು ಮಗಳ ಮದುವೆಯ ಆಲ್ಬಮ್ ತಂದಿಟ್ಟರು. ಊಟದ ಪಂಕ್ತಿಯ ಮೂಲೆಯಲ್ಲಿ ಮಮ್ಮು ನಗುತ್ತಾ ಕೂತಿದ್ದ. ಮೀನಿನವನನ್ನೂ ಮದುವೆಗೆ ಕರೆದಿದ್ದರು.

ಮಡಚಲಾಗದ ಬಲಗೈಯನ್ನು ಊರಿ, ಎಡಗೈಯಲ್ಲಿ ಕ್ಯಾಮರಾ ಒತ್ತಿ ಆ ಫೋಟೋದ ಫೋಟೋ ತೆಗೆದು, ಎಲೆಯೆದುರು ಕೂತ ಮಮ್ಮುವನ್ನಷ್ಟೇ ದೊಡ್ಡದು ಮಾಡಿಕೊಟ್ಟರು.

"ನಗುವಾಗ ಇವರ ಕಣ್ಣು ಮುಚ್ಚಿಹೋಗ್ತಿತ್ತು. ನನಗೆ ಮರೆತೇ ಹೋಗಿತ್ತು" ಎಂದಳು ಬೀಫಾತಿಮಾ.

ಮಗಳು ಫೋಟೋವನ್ನು ಕಿತ್ತುಕೊಂಡಳು. "ಅಪ್ಪ ಏನು ತಿನ್ನುತ್ತಾ ಇದ್ರು?"

"ಹೋಳಿಗೆ" ಎಂದರು ಪದ್ಮಯ್ಯ.