ಹುಣ್ಣಿಮೆಯ ನಲವತ್ತೊಂದು ಪತಂಗಗಳು

ಹೋದ ತಿಂಗಳು ನಾನು ನಲವತ್ತೊಂದು ಪತಂಗಗಳನ್ನು ಹುಟ್ಟಿಸಿದೆ. ಬಾಲ್‌ಪೆನ್ನಿನಿಂದ.

ಗಾಬರಿಯಾಗಬೇಡಿ, ಹೇಳುತ್ತೇನೆ. ಪುಣೆ ಪಕ್ಕದ ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ನಮ್ಮ ಯಜಮಾನರು ರಿಟೈರ್ ಆದ ಮೇಲೆ ಹಿತ್ತಲಲ್ಲಿ ಪತಂಗ ಎಣಿಸುತ್ತಾರೆ. ವಾಕಿಂಗ್, ಯೋಗ, ಲಾಫಿಂಗ್ ಕ್ಲಬ್ಬು... ಪುಣೆಯಲ್ಲಿ ರಿಟೈರ್ ಆದ ಗಂಡಸರಿಗೆ ಏನು ಕಮ್ಮಿ? ಇವರಿಗೆ ಹುಳವೇ ಬೇಕಾಯಿತು.

ಪ್ರತಿ ಶನಿವಾರ ಸಂಜೆ ಪ್ಲಾಸ್ಟಿಕ್ ಟಬ್ಬಿನ ಮೇಲೆ ದೊಡ್ಡ ಲಾಳಿಕೆ ಇಟ್ಟು, ಅದರ ಮೇಲೊಂದು ಬಲ್ಬು ಹಚ್ಚುತ್ತಾರೆ. ಬೆಳಕಿಗೆ ಬಂದ ಪತಂಗಗಳು ಒಳಗೆ ಜಾರಿ, ಅಲ್ಲಿಟ್ಟ ಮೊಟ್ಟೆ ಟ್ರೇಗಳ ಗುಳಿಗಳಲ್ಲಿ ಆರಾಮಾಗಿ ಕೂರುತ್ತವೆ. (ಮೊಟ್ಟೆ ಮುಟ್ಟದ ಮನೆಗೆ ಇಷ್ಟೊಂದು ಟ್ರೇ ಯಾಕೆ ಎಂದು ಪಕ್ಕದ ಮನೆಯ ಕಾಕು ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ.) ಬೆಳಗ್ಗೆ ಬಣ್ಣ ನೋಡಿ ಒಂದೊಂದನ್ನೇ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಗಿಡಗಳ ನೆರಳಿಗೆ ಬಿಟ್ಟುಬಿಡುವುದು. ನಾಲ್ಕು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಲ್ಲ.

ಹೋದ ತಿಂಗಳು ಒಂದು ಶನಿವಾರ ದೌಂಡಿನಲ್ಲಿ ಅವರ ತಂಗಿಯ ಮಗಳ ನಿಶ್ಚಯ. ನಾನು ಮೊಣಕಾಲು ನೋವೆಂದು ಉಳಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಸುಮಾ, ಸಂಜೀಕ ದೀಪ ಹಚ್ಚು. ಮುಂಜಾನೆ ಎಣಸಿ ಬರಿ. ಮರೀಬ್ಯಾಡ ಮತ್ತ."

ಮರೆತೆ. ಅವತ್ತು ಕೋಜಾಗಿರಿ, ನಮ್ಮ ಸೀಗಿ ಹುಣ್ಣಿಮೆ. ಕಾಕು ಮನೆಯ ಗಚ್ಚಿಯ ಮೇಲೆ ಕೇಸರಿ ಹಾಲು, ಭೇಳ, ಹರಟೆ. (ಮೊಣಕಾಲಿಗೆ ಗಚ್ಚಿಯ ಮೆಟ್ಟಿಲು ಅಡ್ಡಿಯಾಗಲಿಲ್ಲ.) ಬೆಳಗ್ಗೆ ಖಾಲಿ ಟಬ್ಬು ಕಂಡಾಗಲೇ ದೀಪದ ನೆನಪಾಯಿತು.

ನಾಲ್ಕು ವರ್ಷದ ದಾಖಲೆ ನನ್ನ ಕೈಯಲ್ಲೇ ತಪ್ಪಬೇಕೆ? ಹಿಂದಿನ ವಾರದ ಪುಟ ತಿರುವಿದೆ. ಮೂವತ್ತೆಂಟು. ಕಂದು ಬಣ್ಣದವಕ್ಕೆ ಎರಡು, ಬಿಳಿಯವಕ್ಕೆ ಒಂದು ಕೂಡಿಸಿ ನಲವತ್ತೊಂದು ಬರೆದೆ. ಪುಟ ನೋಡಲು ಎಷ್ಟು ಲಕ್ಷಣವಾಗಿತ್ತು ಅಂತೀರಿ!

ಸಂಜೆ ಬಂದವರು ಕೈಕಾಲು ತೊಳೆಯುವ ಮೊದಲೇ ನೋಟ್‌ಬುಕ್ ತೆಗೆದರು. "ಏ ಸುಮಾ! ಹುಣ್ಣಿಮಿ ದಿನ ನಲವತ್ತೊಂದ? ನಾಲ್ಕ ವರ್ಷದಾಗ ಹುಣ್ಣಿಮಿಗೆ ಹತ್ತ ದಾಟಿಲ್ಲ!"

ಬೆಳದಿಂಗಳಿದ್ದರೆ ಪತಂಗಗಳು ಬಲ್ಬಿಗೆ ಬರುವುದು ತೀರ ಕಡಿಮೆಯಂತೆ. ನನಗೇನು ಗೊತ್ತು? ಕಾರ್ಖಾನೆಯಲ್ಲಿ ಅಳತೆ ಮಾಡದೆ ಕುಳಿತಲ್ಲೇ ಸುಳ್ಳು ರೀಡಿಂಗ್ ಬರೆದ ಆಪರೇಟರನನ್ನು ಪುಟ ನೋಡಿಯೇ ಹಿಡಿಯುತ್ತಿದ್ದ ಮನುಷ್ಯನಿಗೆ ಹೆಂಡತಿಯ ಮೇಲೆ ಮಾತ್ರ ಎಳ್ಳಷ್ಟೂ ಅನುಮಾನ ಬರಲಿಲ್ಲ. "ಪತಂಗ ಎಣಸೋರ ವಾಟ್ಸಾಪ್ ಗ್ರೂಪಿನ್ಯಾಗ ಹಾಕತೇನಿ. ಇದು ಭಾಳ ದೊಡ್ಡ ಸುದ್ದಿ" ಎಂದು ಫೋಟೋ ತೆಗೆಯಲು ಮೊಬೈಲು ಎತ್ತಿದರು. ಮುಖದಲ್ಲಿ ಆ ಖುಷಿ ನೋಡಿ ನಾನು ಪುಟದ ಮೇಲೆ ಕೈ ಅಡ್ಡ ಇಟ್ಟೆ.

"ಹಾಕಬ್ಯಾಡ್ರಿ. ನಾ ದೀಪಾನ ಹಚ್ಚಿಲ್ಲ."

ಮೊಬೈಲು ಕೆಳಗಿಳಿಯಿತು. ನಾನು ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. "ಹೋಗ್ಲಿ ಬಿಡ್ರಿ, ಸೊನ್ನೆ ಅಂತ ಬರೀರಿ" ಅಂದೆ.

ಸಿಟ್ಟು ಬಂದದ್ದು ಆಗ. "ಸೊನ್ನೆ ಅಂದ್ರ ದೀಪ ಹಚ್ಚಿದ್ವಿ, ಯಾವೂ ಬರಲಿಲ್ಲ ಅಂತ. ನಾವು ನೋಡೇ ಇಲ್ಲಲ್ಲ! ಅವು ಬರಲಿಲ್ಲ ಅಂತ ಹ್ಯಾಂಗ ಹೇಳತಿ?"

 ನೋಡದೆ ಬರೆಯುವವಳು ನಾನೊಬ್ಬಳೇ ಏನು? ಶಾಪಿಂಗ್ ಮಾಲಿನ ಟಾಯ್ಲೆಟ್ ಬಾಗಿಲ ಹಿಂದಿನ ಕ್ಲೀನಿಂಗ್ ಚಾರ್ಟಿನಲ್ಲಿ ಗಂಟೆಗೊಂದು ಸಹಿ, ಎಲ್ಲವೂ ಒಂದೇ ಉಸಿರಿಗೆ ಹಾಕಿದಂತಿರುತ್ತವೆ. ನಾನು ಅದನ್ನು ನೋಡಿ ದೇಶದ ಬಗ್ಗೆ ಉದ್ದುದ್ದ ಭಾಷಣ ಬಿಗಿದವಳು. ಫೋನಿನಲ್ಲಿ ಡಾಕ್ಟರು "ದಿನಾ ವಾಕ್ ಮಾಡ್ತೀರಾ?" ಅಂದರೆ ತಟ್ಟನೆ "ಹೌದು" ಅನ್ನುವವಳೂ ನಾನೇ. ಖಾಲಿ ಜಾಗ ಕಂಡರೆ ನಮಗೆ ಯಾಕಿಷ್ಟು ಭಯ?

ಕಾರ್ಖಾನೆಯ ರೂಢಿಯಂತೆ ಅವರು ನನ್ನ ಸಾಲುಗಳನ್ನು ಅಳಿಸಲಿಲ್ಲ, ಗೀಚಿ ಹಾಕಲೂ ಇಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ದೀಪ ಹಚ್ಚಿಲ್ಲ" ಎಂದು ಬರೆದರು. ಪೆನ್ನು ನನ್ನ ಕಡೆ ಚಾಚಿ "ಸಹಿ ಮಾಡು" ಅಂದರು. ಮಾಡಿದೆ. ಮದುವೆ ರಿಜಿಸ್ಟರಿನಲ್ಲೂ ಅಷ್ಟು ನಿಧಾನವಾಗಿ ಸಹಿ ಮಾಡಿರಲಿಲ್ಲ.

ವಾರವಿಡೀ ಅವರು ಆ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಇನ್ನು ಈ ಮನುಷ್ಯ ನನ್ನ ಯಾವ ಮಾತನ್ನೂ ಹಾಗೇ ನಂಬಲಾರ ಎಂದು ಒಳಗೊಳಗೇ ಕೊರಗಿದೆ.

ಮುಂದಿನ ಶನಿವಾರ ಅವರೇ ದೀಪ ಹಚ್ಚಿದರು. ಬೆಳಗ್ಗೆ ನಾನು ಚಹಾ ತಂದರೆ ನೋಟ್‌ಬುಕ್ ನನ್ನ ಕೈಗಿಟ್ಟು, "ನೀ ಎಣಸು. ನಾ ಹಾಲು ತರತೇನಿ" ಎಂದು ಚೀಲ ಹಿಡಿದು ಹೊರಟೇಬಿಟ್ಟರು.

ಟ್ರೇ ಮೇಲೆ ಟ್ರೇ ಎತ್ತಿ ನೋಡಿದೆ. ಹತ್ತೊಂಬತ್ತು. ಅವರು ಬಂದ ಮೇಲೆ "ನೀವೂ ಒಮ್ಮೆ ನೋಡ್ರಿ" ಅಂದೆ. "ಯಾಕ? ನೀ ನೋಡೀಯಲ್ಲ" ಎಂದು ಪೇಪರು ಬಿಡಿಸಿದರು.

ಮತ್ತೆ ಹಿತ್ತಲಿಗೆ ಹೋಗಿ ಮೂರು ಸಲ ಎಣಿಸಿದೆ. ಅವರು ಅನುಮಾನಪಟ್ಟಿದ್ದರೆ ಒಂದೇ ಸಲಕ್ಕೆ ಮುಗಿಸುತ್ತಿದ್ದೆ. ನಂಬಿಬಿಟ್ಟರಲ್ಲ, ಏನು ಮಾಡಲಿ?