ಬೀಗ ಹಾಕಿದ ಹಂದಿಗೂಡು

ನನ್ನ ಮೊಮ್ಮಗಳು ಪವಿತ್ರಾಳ ಲಸಿಕೆಗೆ ಇವತ್ತು ಸರ್ಕಾರದ ಒಪ್ಪಿಗೆ ಸಿಕ್ಕಿತು. ಕೆ.ಆರ್. ಪುರದ ನಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ, ಹಾಲಿನವನಿಗೆ ಎರಡು ಸಲ ಹೇಳಿದೆ. ಅವಳ ಜೊತೆ ಬೇಕಾದಷ್ಟು ಜನ ದುಡಿದಿದ್ದಾರೆ, ನನಗೆ ಮಾತ್ರ ಅದು ಪವಿತ್ರಾಳ ಲಸಿಕೆಯೇ. ಹಂದಿಗಳನ್ನು ಕೊಲ್ಲುವ ಜ್ವರಕ್ಕೆ ಕೊಡುವ ಲಸಿಕೆ. ಮನುಷ್ಯರಿಗೆ ಬರುವ ಜ್ವರವಲ್ಲ ಅದು, ಹಂದಿಗಳಿಗಷ್ಟೇ ಬರುವುದು.

ಈ ಸಂತೋಷದಲ್ಲಿ, ಇಷ್ಟು ದಿನ ಯಾರಿಗೂ ಹೇಳದ ಒಂದು ಸಂಗತಿಯನ್ನು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ದೆವ್ವ, ಗಾಳಿ ಎಂದರೆ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಗೇಲಿ ಮಾಡುತ್ತಿದ್ದೆ.

ನಮ್ಮ ಮನೆಯ ಹಿತ್ತಲಲ್ಲಿ ಹಂದಿ ಸಾಕುತ್ತಿದ್ದೆವು. ನಮ್ಮ ಯಜಮಾನರು ಇಂದಿರಾನಗರದ ಹೋಟೆಲುಗಳಿಂದ ಮುಸುರೆ ತರುತ್ತಿದ್ದರು. ಸಂಜೆಯಾಗುವ ಮುಂಚೆ ನಾನು ತಗಡಿನ ಬಕೆಟ್ ಬಡಿದು ‘ಬಾ ಬಾ’ ಎಂದರೆ ಸಾಕು, ಒಂದರ ಮೇಲೊಂದು ಬಿದ್ದು ಓಡಿ ಬರುತ್ತಿದ್ದವು. ಪವಿತ್ರಾ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಆ ಜ್ವರ ಬಂತು. ಬಕೆಟ್ ಬಡಿದರೂ ಒಂದೂ ಏಳಲಿಲ್ಲ. ಮೂಲೆಯಲ್ಲಿ ಗುಡ್ಡೆಯಾಗಿ ಮಲಗಿ ನಡುಗುತ್ತಾ ಹಲ್ಲು ಕಡಿಯುತ್ತಿದ್ದವು. ಕಿವಿಗಳು ನೇರಳೆ ಬಣ್ಣಕ್ಕೆ ತಿರುಗಿದವು. ಒಂದೂ ಉಳಿಯಲಿಲ್ಲ. ಸುಣ್ಣ ಸುರಿದು ಹೂತೆವು. ಯಜಮಾನರು ಗೂಡಿಗೆ ಬೀಗ ಹಾಕಿ ಬೀಗದ ಕೈ ನನಗೆ ಕೊಟ್ಟರು. ಈಗ ಅವರೂ ಇಲ್ಲ.

ಪವಿತ್ರಾ ದೊಡ್ಡ ಓದು ಓದಿ ಅದೇ ಜ್ವರದ ಕೆಲಸಕ್ಕೆ ಸೇರಿದಳು. ನನ್ನ ಮಗ ಅವಳನ್ನು ರೇಗಿಸುತ್ತಿದ್ದ: “ಇಷ್ಟು ಓದ್ಸಿದ್ದು ಹಂದಿ ಕಾಯೋಕಾ ಅಂತ ನೆಂಟರು ಕೇಳ್ತಾರೆ ಕಣೇ.” ಅವಳೇನು ಸುಮ್ಮನಿರುವವಳೇ? “ನೀವೂ ಅದನ್ನೇ ಕಾಯ್ತಿದ್ರಲ್ಲಪ್ಪ. ನಂಗೆ ಸಂಬಳ ಕೊಡ್ತಾರೆ” ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ಅವರೆಕಾಯಿ ಕಾಲದಲ್ಲಿ, ಲಸಿಕೆಯ ಪರೀಕ್ಷೆ ನಡೆಯುತ್ತಿತ್ತು. ಕೆಲವು ಹಂದಿಗಳಿಗೆ ಲಸಿಕೆ ಹಾಕಿ, ಕೆಲವಕ್ಕೆ ಹಾಕದೆ, ಆಮೇಲೆ ಎಲ್ಲಕ್ಕೂ ಜ್ವರದ ವೈರಸ್ಸನ್ನೇ ಕೊಟ್ಟು ನೋಡುತ್ತಾರಂತೆ. ಹಾಗೆ ಕೊಟ್ಟು ವಾರವಾಗಿತ್ತು. “ಲಸಿಕೆ ಹಾಕಿರೋವು ಮಲಗಿಬಿಟ್ರೆ ನಮ್ಮ ಕೆಲಸ ಎಲ್ಲಾ ಮಣ್ಣುಪಾಲು ಅಜ್ಜಿ” ಎಂದು ಹೇಳಿ, ಅವತ್ತು ತಿಂಡಿಯನ್ನೂ ತಿನ್ನದೆ ಹೋದಳು.

ಮಧ್ಯಾಹ್ನ ಕಳೆದಿತ್ತು. ಮನೆಯಲ್ಲಿ ನಾನೊಬ್ಬಳೇ ಕೂತು ಅವರೆಕಾಳು ಹಿತಕುತ್ತಿದ್ದೆ. ಹಿತ್ತಲಿನಿಂದ ಹಲ್ಲು ಕಡಿಯುವ ಸದ್ದು ಕೇಳಿಸಿತು. ಒಂದಲ್ಲ, ಹಲವು. ಆ ಸದ್ದನ್ನು ನಾನು ಮರೆಯುವುದುಂಟೇ?

ಎದ್ದು ಹೋದೆ. ಬೀಗ ಹಾಗೇ ಇತ್ತು. ಕಿಟಕಿಯಲ್ಲಿ ಇಣುಕಿದರೆ ಸೌದೆ, ಮುರಿದ ಮಂಚ, ಧೂಳು, ಅಷ್ಟೇ. ಆದರೆ ಸದ್ದು ನಿಲ್ಲಲಿಲ್ಲ. ಕಿಟಕಿಯಿಂದ ಬಿಸಿ ಉಸಿರು ನನ್ನ ಮುಖಕ್ಕೆ ಹೊಡೆಯಿತು. ಜ್ವರ ಬಂದ ಮೈಯ ಬಿಸಿ ಅದು. ಪವಿತ್ರಾಳ ಹಂದಿಗಳು ಮಲಗಿಬಿಟ್ಟವು ಎಂದೇ ಅನ್ನಿಸಿತು. ಅವಳಿಗೆ ಫೋನ್ ಮಾಡುವಂತಿಲ್ಲ. ಪರೀಕ್ಷೆಯ ಹಂದಿಗಳನ್ನಿಟ್ಟ ಆ ಕೊಟ್ಟಿಗೆಯೊಳಗೆ ಫೋನ್ ಒಯ್ಯುವ ಹಾಗಿಲ್ಲ, ತಲೆಗೆ ಸ್ನಾನ ಮಾಡದೆ ಹೊರಗೆ ಬರುವ ಹಾಗೂ ಇಲ್ಲ.

ನನಗೆ ಗೊತ್ತಿದ್ದುದು ಒಂದೇ. ಮೂಲೆಯಲ್ಲಿದ್ದ ಹಳೆಯ ಬಕೆಟ್ ತಂದು, ಗಂಜಿ ಸುರಿದು, ಬಾಗಿಲ ಮುಂದೆ ನಿಂತು ಬಡಿದೆ. “ಬಾ ಬಾ, ಏಳ್ರೋ, ಬಾ ಬಾ.” ಬಿಡದೆ ಬಡಿದೆ.

ಹಲ್ಲಿನ ಸದ್ದು ನಿಂತಿತು. ಆಮೇಲೆ ಒಳಗೆ ಗೊರಸುಗಳ ಸದ್ದು, ಬಾಗಿಲ ಕಡೆಗೇ ಬಂತು. ಒಳಗಿನಿಂದ ತಳ್ಳಿದ ಹಾಗೆ ಬಾಗಿಲು ಅಲುಗಿ ಬೀಗ ಗಡಗಡ ಎಂದಿತು. ನಾನು ಬಕೆಟ್ ಬಿಟ್ಟು ಹಿಂದಕ್ಕೆ ಬಿದ್ದೆ. ಮರುಗಳಿಗೆ ಎಲ್ಲ ನಿಶ್ಶಬ್ದ. ಎಲ್ಲ ಎಂದರೆ ತಪ್ಪಾಗುತ್ತದೆ. ದೂರದ ಮೂಲೆಯಲ್ಲಿ ಭಾರವಾದ ಉಸಿರು ಉಳಿದಿತ್ತು. ಅದು ಬಾಗಿಲ ಹತ್ತಿರ ಬರಲೇ ಇಲ್ಲ.

ಸಂಜೆ ಪವಿತ್ರಾ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. “ಮಧ್ಯಾಹ್ನ ಎಲ್ಲಾ ಗುಡ್ಡೆ ಹಾಕ್ಕೊಂಡು ಮಲಗಿಬಿಟ್ವು ಅಜ್ಜಿ. ಮುಗೀತು ಅನ್ಕೊಂಡೆ. ಆಮೇಲೆ ನಾವಿನ್ನೂ ಮೇವೇ ಹಾಕಿಲ್ಲ, ಯಾರೋ ಕರೆದ ಹಾಗೆ ಎದ್ದು ಬಾಗ್ಲ ಹತ್ರ ಬಂದ್ಬಿಟ್ವು.”

“ಎಲ್ಲಾನಾ?” ಎಂದೆ.

“ಲಸಿಕೆ ಹಾಕಿದ್ವಲ್ಲ, ಅಷ್ಟೂ. ಹಾಕ್ದೇ ಇರೋವು ಏಳ್ಲೇ ಇಲ್ಲ.”

ನಾನು ಅವಳ ತಲೆ ಸವರಿದೆ. ಮೂಲೆಯ ಉಸಿರು ಮಾರನೇ ದಿನ ಬೆಳಿಗ್ಗೆ ಇರಲಿಲ್ಲ. ಬಾಗಿಲಿಗೆ ಬಂದವು ನಮ್ಮ ಸತ್ತ ಹಂದಿಗಳೋ, ಅವಳ ಬದುಕಿದ ಹಂದಿಗಳೋ, ನನ್ನ ವಯಸ್ಸಿನ ಭ್ರಮೆಯೋ, ಇವತ್ತಿಗೂ ಗೊತ್ತಾಗಿಲ್ಲ. ಎದ್ದವನ್ನು ಎಬ್ಬಿಸಿದ್ದು ಲಸಿಕೆಯೇ ಎಂದು ನಂಬಿದ್ದೇನೆ. ಹಾಗಾದರೆ ನಾನು ಕರೆದದ್ದು ಯಾರನ್ನು?

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಹಿತಕಿದ ಬೇಳೆ ಸಾರು, ಪವಿತ್ರಾಳಿಗೆಂದು ಪಾಯಸ. ಮಗ ಹೇಳಿದ: “ಇನ್ನು ನಾವೂ ನಾಲ್ಕು ಮರಿ ತರೋಣ ಕಣಮ್ಮ. ಬೀಗದ ಕೈ ಎಲ್ಲಿ?”

“ನಾನಿರೋ ಮನೇಲಿ ಹಂದಿ ಸಾಕೋ ಹಾಗಿಲ್ಲಪ್ಪ, ನಮ್ಮ ಆಫೀಸಿನ ರೂಲ್ಸು” ಎಂದು ಪವಿತ್ರಾ ನಕ್ಕಳು. ನಾನು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡೆ. ಬೀಗದ ಕೈ ಅಲ್ಲೇ ಇತ್ತು.

ಸೊಸೆ ಇನ್ನೊಂದು ಸೌಟು ಸಾರು ಬಡಿಸಿ, ಸೌಟನ್ನು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿದಳು. ನನ್ನ ಕಿವಿ ತಾನಾಗಿ ಹಿತ್ತಲಿನ ಕಡೆ ಹೋಯಿತು. ಏನೂ ಕೇಳಿಸಲಿಲ್ಲ. ಆಮೇಲೆ ಮುದ್ದೆ ಮುರಿದೆ.