ಒಡ್ಡಿನ ಕೆಳಗೆ ರೊಟ್ಟಿ ಬಡಿದ ಸದ್ದು

ಕಣ್ಣಿಗೆ ಕಾಣದ್ದನ್ನು ನಾನು ಎಂದೂ ನಂಬಿದವನಲ್ಲ. ನನ್ನ ಕೆಲಸವೂ ಅಂಥದ್ದೇ. ಖಾಸಗಿ ಜಮೀನುಗಳಲ್ಲಿ ನೀರು ನಿಲ್ಲಿಸಲು ಮಾಲೀಕರೇ ಕಟ್ಟಿಸಿಕೊಂಡ ಸಣ್ಣ ಮಣ್ಣಿನ ಒಡ್ಡುಗಳನ್ನು ನೋಡಿ ಅಪಾಯದ ದರ್ಜೆ ಬರೆಯುತ್ತೇನೆ. ಈ ದರ್ಜೆಯನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಒಡ್ಡು ಎಷ್ಟು ಗಟ್ಟಿ ಎಂಬುದಕ್ಕೆ ಬೇರೆ ಲೆಕ್ಕವಿದೆ. ಅದು ಒಡೆದರೆ ಕೆಳಗೆ ಯಾರು ಸಾಯುತ್ತಾರೆ ಎಂಬುದೇ ಅಪಾಯದ ದರ್ಜೆ. ಕೆಳಗೆ ಯಾರೂ ಇಲ್ಲದಿದ್ದರೆ ಶಿಥಿಲವಾದ ಒಡ್ಡಿಗೂ 'ಕಡಿಮೆ' ಎಂದೇ ಬರೆಯಬೇಕು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಪುಣೆ ಹತ್ತಿರದ ದೌಂಡದ ಆಚೆಗಿನ ಒಂದು ಒಡ್ಡನ್ನು ನೋಡಲು ಹೋಗಿದ್ದೆ. ಮಾಲೀಕರು ಮಲ್ಲೇಶಪ್ಪ, ಮೂಲ ವಿಜಯಪುರ, ಪುಣೆಯಲ್ಲಿ ಬಟ್ಟೆ ವ್ಯಾಪಾರ. ಕಬ್ಬಿಗೆಂದು ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿಸಿದ್ದರು. ಅದರ ಹೊರಮೈಗೆ ಜಾಲಿಯ ಬೇರು ಇಳಿದಿತ್ತು, ನೀರು ಜಿನುಗಿ ಬುಡದ ಮಣ್ಣು ಒದ್ದೆಯಾಗಿತ್ತು. ದರ್ಜೆ 'ಹೆಚ್ಚು' ಎಂದಾದರೆ ಮಳೆಗಾಲಕ್ಕೆ ಮೊದಲೇ ನೀರು ಇಳಿಸಿ ದುರಸ್ತಿ ಮಾಡಿಸಬೇಕು. ಆ ವರ್ಷದ ಕಬ್ಬು ಒಣಗುತ್ತದೆ. 'ಕಡಿಮೆ' ಎಂದಾದರೆ ಅವಸರವಿಲ್ಲ.

"ಕೆಳಗ ಯಾರ ಅದಾರ್ರೀ ಸಾಹೇಬ್ರ? ನಾಕ ಮೊಲ ಅದಾವ. ಅವು ನಮಗಿಂತ ಛಲೋ ಓಡತಾವ," ಎಂದು ಮಲ್ಲೇಶಪ್ಪ ನಕ್ಕರು.

ನಕ್ಷೆಯಲ್ಲೂ ಕೆಳಗೆ ಮನೆಗಳಿರಲಿಲ್ಲ. ಆದರೂ ನಡೆದು ನೋಡುವುದು ನನ್ನ ಪದ್ಧತಿ. ಅವರು ಮೇಲೆ ನೆರಳಿಗೆ ನಿಂತರು, ನಾನೊಬ್ಬನೇ ಹಳ್ಳದ ಗುಂಟ ಇಳಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾಲಿಯ ಮರೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ನಾನು ಕಲಬುರಗಿಯವನು, ಆ ಸದ್ದನ್ನು ಬೇರೆಯದೆಂದು ತಿಳಿಯಲಾರೆ. ಆಮೇಲೆ ಒಬ್ಬ ಹೆಂಗಸಿನ ದನಿ, ನಮ್ಮ ಕಡೆಯದೇ ಮಾತು: "ಶರಣವ್ವಾ, ನೀರ ಕಡಿ ಹೋಗಬ್ಯಾಡ. ಇಲ್ಲೇ ಕುಂಡರು." ಬಡಿತ ಮುಂದುವರಿಯಿತು. ಆಮೇಲೆ, ಒಂದು ರೊಟ್ಟಿ ಅರ್ಧ ಬಡಿದಿರುವಾಗಲೇ, ತಟ್ಟನೆ ನಿಂತಿತು.

ಮುಳ್ಳು ಸರಿಸಿ ನೋಡಿದೆ. ಒಲೆಯಿಲ್ಲ, ಬೂದಿಯಿಲ್ಲ, ಒಂದು ಹೆಜ್ಜೆ ಗುರುತೂ ಇಲ್ಲ. ಮೇಲೆ ಬಂದು ಮಲ್ಲೇಶಪ್ಪನವರನ್ನು ಕೇಳಿದೆ. ಸೊಲ್ಲಾಪುರದ ಕಡೆ ಹೋದ ರೈಲಿನ ಸದ್ದು ಬಿಟ್ಟು ಅವರಿಗೇನೂ ಕೇಳಿರಲಿಲ್ಲ.

'ಹೆಚ್ಚು' ಎಂದು ಬರೆದೆ. ವರದಿಯಲ್ಲಿ ಕಾರಣ ಬರೆಯಬೇಕಾದ ಜಾಗದಲ್ಲಿ 'ಕೆಳಗೆ ಜನ ನೆಲೆಸುವ ಸಂಭವ' ಎಂದಷ್ಟೇ ಬರೆಯಲು ಸಾಧ್ಯವಾಯಿತು. ಮಲ್ಲೇಶಪ್ಪ ಬಹಳ ಬೇಸರಪಟ್ಟರು. ಆದರೂ ಕಬ್ಬನ್ನು ಕೈಬಿಟ್ಟು, ನೀರು ಇಳಿಸಿ ಒಡ್ಡನ್ನು ದುರಸ್ತಿ ಮಾಡಿಸಿದರು.

ಮರುವರ್ಷ ಅವರೇ ಫೋನ್ ಮಾಡಿದರು. ದನಿಯಲ್ಲಿ ನಗು ಇರಲಿಲ್ಲ. "ನೀವು ಅವತ್ತ ಇಳದ ಹೋದ ಜಾಗಾದಾಗ ಮಂದಿ ಬಂದ ಗುಡಸಲಾ ಹಾಕ್ಯಾರ್ರೀ."

ರಸ್ತೆ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಕುಟುಂಬಗಳು. ನಾನು ಹೋದಾಗ ಅದೇ ಜಾಲಿಯ ಪಕ್ಕ ಒಬ್ಬಾಕೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆ ತಲೆಯೆತ್ತಿ, ಹಳ್ಳದತ್ತ ಹೊರಟಿದ್ದ ಮಗಳನ್ನು ಕರೆದಳು. ಅದೇ ಹೆಸರು, ಅದೇ ಮಾತು. ಈ ಕಡೆ ಮೊದಲು ಬಂದದ್ದುಂಟೇ ಎಂದು ಕೇಳಿದೆ.

"ಇಲ್ರೀ ಯಪ್ಪಾ, ಇದ ಮೊದಲ."

ಬಡಿತ ನಿಲ್ಲುವುದನ್ನೇ ಕಾಯುತ್ತ ನಿಂತೆ. ನಿಲ್ಲಲಿಲ್ಲ. ರೊಟ್ಟಿ ಪೂರ್ತಿಯಾಗಿ ಹಂಚಿಗೆ ಬಿತ್ತು.

ಸಂಜೆಯೊಳಗೆ ಮಲ್ಲೇಶಪ್ಪ ಅವರಿಗೆಲ್ಲ ದಿಣ್ಣೆಯ ಮೇಲೆ ಜಾಗ ಮಾಡಿಕೊಟ್ಟರು. ಒಡ್ಡು ಈಗಲೂ ಗಟ್ಟಿಯಾಗಿಯೇ ಇದೆ. ಆದರೆ ಬೇಸಿಗೆ ಬಂದರೆ ಹೊಸ ಜನ ಬರುತ್ತಾರೆ, ಸಮತಟ್ಟು ನೆಲ ಕಂಡು ಕೆಳಗೇ ಇಳಿಯುತ್ತಾರೆ. ಯಾರಾದರೂ ಹೋಗಿ ಎಬ್ಬಿಸಬೇಕು. ನಾನು ಪ್ರತಿ ಸಲವೂ 'ಹೆಚ್ಚು' ಎಂದೇ ಬರೆಯುತ್ತೇನೆ. ಆ ಮಧ್ಯಾಹ್ನ ಕೇಳಿದ ಮಾತು ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ಆ ಮಾತನ್ನು ಮರುವರ್ಷ ಆ ತಾಯಿ ಆಡಿ ಆಯಿತು. ಬಡಿತ ಅರ್ಧಕ್ಕೆ ನಿಲ್ಲುವುದು ಮಾತ್ರ ಇನ್ನೂ ನಡೆದಿಲ್ಲ.